ಕಂಡಿ

ಸರ್ವೆ ವರದಿಯಲ್ಲಿ ಅದರ ಹೆಸರು ಹಾನಿ-ಹದಿನಾಲ್ಕು.
ಅಗಲ ಮೂರಡಿ, ಎತ್ತರ ಮೂರೂಕಾಲು,
ನೆಲದಿಂದ ಒಂದು ಮೊಳ ಮೇಲೆ.
ಕಾರಣ: ಫಿರಂಗಿ ಗುಂಡು.
ಪರಿಹಾರ: ಸಿಮೆಂಟು ಹಾಕಿ ಮುಚ್ಚುವುದು.

ಆದೋನಿಯ ಕೋಟೆಗೋಡೆಯ ಈ ತುಂಡಿಗೆ
ಬೆನ್ನು ಕೊಟ್ಟು ನಿಲ್ಲಬೇಕು ನನ್ನ ಕಟ್ಟಡ:
ಮುನ್ನೂರು ಕುರ್ಚಿ, ಒಂದು ರಂಗ, ಪುಸ್ತಕದ ಕೋಣೆ,
ಮೂರು ಲಿಪಿಯ ಬೋರ್ಡು,
ನಲವತ್ತು ಸ್ಕೂಟರಿಗೆ ಜಾಗ.
ಮೊದಲ ಸಭೆಯಲ್ಲಿ ಒಂದು ತಾಸು ಹೋದದ್ದು
ಸ್ಕೂಟರಿಗೇ.

ಬಳ್ಳಾರಿಯಿಂದ ಬೆಳಗಿನ ಬಸ್ಸಿಗೆ ಬಂದೆ,
ಹೆಗಲಿಗೆ ನಕ್ಷೆಯ ಕೊಳವೆ.
ಬಂದೂಕೇನಮ್ಮಾ? ಕೇಳಿದ ಕಂಡಕ್ಟರು.
ಅಲ್ಲ ಅಂದೆ.
ಅರ್ಧ ಹಾದಿ ಅದನ್ನೇ ಯೋಚಿಸಿದೆ.

ಯಾರ ಗುಂಡು ಎಂದು ಕೇಳಿದರೆ
ಓಣಿಗೊಬ್ಬ ವೈರಿ ಈ ಊರಲ್ಲಿ.
ಹತ್ತಿ ಮಿಲ್ಲಿನ ಗುಮಾಸ್ತನಿಗೆ ಅದು ಮೈಸೂರಿನವರದು,
ಅತ್ತರಂಗಡಿಯವನಿಗೆ ಬಿಜಾಪುರದ ಕಾಲದ್ದು,
ನಿವೃತ್ತ ಮೇಷ್ಟ್ರು ಪಂಪನಗೌಡರ ಬಳಿ
ಇಸವಿ, ತಿಂಗಳು, ವಾರ ಎಲ್ಲ ಇದೆ,
ಪ್ರತಿ ಸಲ ಬೇರೆ.
ಪಾನ್ ಡಬ್ಬಿಯವನು ಮಾತ್ರ ಸುಣ್ಣ ಸವರುತ್ತ,
ಲಾರಿ ಗುದ್ದಿದ್ದಮ್ಮಾ, ಮುನಿಸಿಪಾಲಿಟಿದು, ಎಂದ.

ಗಾರೆಯ ಹುಸೇನಪ್ಪ ಏನೂ ಹೇಳಲಿಲ್ಲ.
ಚಪ್ಪಲಿ ಬಿಟ್ಟು ಕುಕ್ಕುರುಗಾಲಲ್ಲಿ ಕೂತ,
ತೂತಿನೊಳಗೆ ಅಂಗೈ ಆಡಿಸಿದ
ಈದ ಎಮ್ಮೆಯ ಮೈ ತಡವುವ ಹಾಗೆ.
ಮೇಲಿನ ಕಲ್ಲು ನೋಡವ್ವಾ, ಇನ್ನಾ ಹಲ್ಲು ಕಿಸಿದೈತೆ.
ಅದು ಗುಂಡಿನ ಕೆಲಸ. ಒಂದು ದಿನದ್ದು.
ಕೆಳಗಿಂದು ಮುಟ್ಟು.

ಮುಟ್ಟಿದೆ. ಬೆಣ್ಣೆ.

ಇದು ಮಕ್ಕಳ ಕುಂಡಿ ಕೆಲಸ, ಎಂದ.
ನಂದೂ ಸೇರಿ.

ಅಷ್ಟರಲ್ಲಿ ಆಚೆಯಿಂದ ಒಂದು ಕೈ ಬಂತು,
ಹಸಿರು ಬಳೆ, ಸ್ಟೀಲ್ ಡಬ್ಬಿ, ಬಿಸಿ ಉಗ್ಗಾಣಿಯ ವಾಸನೆ.
ಈಚೆಯ ಕೈ ಅದನ್ನು ಇಸಿದುಕೊಂಡು
ನಿನ್ನೆಯ ಡಬ್ಬಿ ಮರಳಿಸಿತು.
ಖಾಲಿ ಕೊಡಬಾರದಲ್ಲ, ಒಳಗೆ ಎರಡು ನಿಂಬೆಹಣ್ಣು.
ನಿನ್ನೆ ಉಪ್ಪು ಕಮ್ಮಿ ಇತ್ತು ಖಾಜಾಬೀ.
ನಿನ್ನ ನಾಲಿಗೆ ಕಮ್ಮಿ, ಹೋಗೇ.
ಮಾತು ಯಾವ ಭಾಷೆಯಲ್ಲಿ ಶುರುವಾಗಿ
ಯಾವುದರಲ್ಲಿ ಮುಗಿಯಿತೋ,
ಅಲ್ಲೇ ನಿಂತಿದ್ದ ನನಗೂ ತಿಳಿಯಲಿಲ್ಲ.

ಆ ರಾತ್ರಿ ಲಾಡ್ಜಿನ ಟ್ಯೂಬ್‌ಲೈಟಿನ ಕೆಳಗೆ
ರಂಗವನ್ನು ನಾಲ್ಕನೆಯ ಸಲ ತಿರುಗಿಸಿದೆ.
ಗಾಜಿನ ಗುಮ್ಮಟ ಅಳಿಸಿದೆ
(ಆಸೆ ಇತ್ತು ಅದರ ಮೇಲೆ, ಸುಳ್ಳು ಹೇಳಲಾರೆ,
ಪತ್ರಿಕೆಯಲ್ಲಿ ಚಿತ್ರ ಬರುತ್ತಿತ್ತು).
ಗೋಡೆಯಿಂದ ಹನ್ನೆರಡು ಅಡಿ ಹಿಂದೆ ಸರಿದೆ.
ತೂತಿನ ಎದುರು ಒಂದು ಕಟ್ಟೆ ಎಳೆದೆ, ಮೊಳದೆತ್ತರ,
ಕೂತವರಿಗೆ ರಂಗದ ಮಗ್ಗುಲು ಕಾಣುವಂತೆ,
ವೇಷ ಕಳಚುವವರೂ ಬೀಡಿ ಹಚ್ಚುವವರೂ ಕಾಣುವಂತೆ,
ಟಿಕೆಟ್ಟಿಲ್ಲದೆ.

ಕಮಿಷನರು ಬೆರಳಿಟ್ಟರು. ಇದಕ್ಕೆ ಹೆಸರು ಬರೆದಿಲ್ಲ.
ಬಾಗಿಲೋ? ಅಗ್ನಿಶಾಮಕದವರು ಒಪ್ಪುವುದಿಲ್ಲ.
ಕಿಟಕಿಯೋ? ಸರಳು ಹಾಕಿ.
ಹಾನಿಯೋ? ಅಂದಾಜುಪಟ್ಟಿಯಲ್ಲಿ ರಿಪೇರಿ ಎಲ್ಲಿ?

ಕಂಡಿ, ಎಂದ ಹುಸೇನಪ್ಪ, ಹೊಸ್ತಿಲಾಚೆಯಿಂದ,
ಯಾರೂ ಕೇಳದೆ.
ಕಮಿಷನರು ತಲೆ ಎತ್ತದೆ ತೆಲುಗಿನಲ್ಲಿ ತಿದ್ದಿದರು:
ಗಂಡಿ.
ಎರಡರ ನಡುವೆ
ಗಂಟಲಿನ ಒಂದು ನಡುಕ, ಅಷ್ಟೇ.
ಫೈಲು ಕರ್ನೂಲಿಗೆ ಹೋಗಿದೆ. ಬಂದಿಲ್ಲ.

ಸಂಜೆ, ಯಾರೂ ನೋಡುತ್ತಿಲ್ಲವೆಂದು ನಾನೂ ನುಸುಳಹೋದೆ.
ಕೊಳವೆ ಅಡ್ಡ ಸಿಕ್ಕಿಕೊಂಡಿತು.
ಆಚೆ ಒಬ್ಬ ಹುಡುಗಿ ಅದನ್ನೆಳೆದುಕೊಂಡು
ಎರಡೂ ಮುಚ್ಚಳ ಕಿತ್ತು
ನನ್ನ ಮುನ್ನೂರು ಕುರ್ಚಿಗಳನ್ನು ಧೂಳಿಗೆ ಸುರಿದು
ಖಾಲಿ ಕೊಳವೆಯನ್ನು ಕಣ್ಣಿಗೆ ಹಿಡಿದಳು.

ಕಂಡೆಯಾ?

ಕಂಡೆ, ಎಂದಳು. ಬಗ್ಗು.
ಇನ್ನೂ ಬಗ್ಗು.
ಅಕ್ಕಾ, ತಲೆ!